ಕೊಣ್ಣೂರಿನ ವರ್ಷಾಯೋಗ: ಶ್ರದ್ಧೆ, ಸಂಕಲ್ಪ ಮತ್ತು ಮನಸ್ಸಿನ ಆರೋಗ್ಯ

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯವನ್ನು ದಾಟಿ ಬರುವ ಘಟಪ್ರಭೆಯು ಗೋಕಾಕದ ಸಮೀಪ ಸುಮಾರು 52 ಮೀಟರ್ ಎತ್ತರದ ಬಂಡೆಯಿಂದ ಧುಮುಕಿ, ಮುಂದೆ ಮೂಡಲಗಿಯ ಕಪ್ಪು ನೆಲದ ಕಡೆಗೆ ಸಾಗುತ್ತದೆ. ಈ ನದಿಯ ಎರಡೂ ದಂಡೆಗಳಿಗೆ ಜಿನಧರ್ಮದೊಡನೆ ಒಂಬೈನೂರು ವರ್ಷಗಳಿಗೂ ಮಿಕ್ಕ ನಂಟಿದೆ. ಸವದತ್ತಿಯಿಂದಲೂ ಅನಂತರ ಬೆಳಗಾವಿಯಿಂದಲೂ ಆಳಿದ ರಟ್ಟ ಅರಸರ ಕೂಂಡಿ ಮೂರುಸಾವಿರ ನಾಡಿಗೆ ಇದು ಸೇರಿತ್ತು. ಗೋಕಾಕ ತಾಲ್ಲೂಕಿನ ಕೊಣ್ಣೂರು ಅಂದು ಕೊಂಡನೂರು ಎನಿಸಿಕೊಂಡಿತ್ತು. ಅಲ್ಲಿ ನಿಧಿಯಮ ಗಾಮುಂಡನೆಂಬ ಶ್ರಾವಕನು ಜಿನಾಲಯವನ್ನು ಕಟ್ಟಿಸಿದುದನ್ನು ಕ್ರಿ.ಶ. 1087ರ ಶಾಸನವು ಹೇಳುತ್ತದೆ. ಮೊದಲು ಗೋಕಾಕ ತಾಲ್ಲೂಕಿನಲ್ಲಿದ್ದು ಈಗ ಮೂಡಲಗಿ ತಾಲ್ಲೂಕಿಗೆ ಸೇರಿರುವ ಕಲ್ಲೋಳಿಯ ಶಾಂತಿನಾಥ ಬಸದಿಗೆ ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನು ಶುಭಚಂದ್ರ ಭಟ್ಟಾರಕರ ಮೂಲಕ ದತ್ತಿ ಬಿಟ್ಟುದು 1204ರಲ್ಲಿ.

ಇಂತಹ ದತ್ತಿಗಳನ್ನು ಓದುವಾಗ ಒಂದು ಸಂಗತಿ ಮನಸ್ಸಿಗೆ ಬಾರದಿರದು. ಬಸದಿಯನ್ನು ಕಟ್ಟಿಸಿದವನು ಕೇವಲ ಕಲ್ಲನ್ನು ನಿಲ್ಲಿಸಲಿಲ್ಲ. ತನ್ನ ಬದುಕು ಯಾವುದಕ್ಕಾಗಿ ಎಂಬ ಪ್ರಶ್ನೆಗೆ ತಾನು ಕಂಡುಕೊಂಡ ಉತ್ತರವನ್ನು ಕಲ್ಲಿನಲ್ಲಿ ನಿಲ್ಲಿಸಿದನು. ಇಂದು ಅದೇ ನಾಡಿನ ನಮ್ಮ ಮನೆಗಳಲ್ಲಿ ಉಣ್ಣಲು ಉಡಲು ಕೊರತೆಯಿಲ್ಲದವರೂ ಆ ಪ್ರಶ್ನೆಗೆ ಉತ್ತರ ಕಾಣದೆ ಒಳಗೊಳಗೇ ಬಾಡುತ್ತಿದ್ದಾರೆ. ಕಬ್ಬಿನ ಬಿಲ್ಲಿಗಾಗಿ ಕಾದು ಸೋತ ರೈತ, ಸಾಲದ ಕಂತಿಗೆ ಹೆದರಿ ಅಂಗಡಿಯ ಬಾಗಿಲು ತೆರೆಯಲಾರದ ವ್ಯಾಪಾರಿ, ಪರೀಕ್ಷೆಯಲ್ಲಿ ಹಿಂದೆ ಬಿದ್ದ ಹುಡುಗ, ಮಕ್ಕಳು ಪುಣೆ-ಬೆಂಗಳೂರುಗಳಿಗೆ ಹೋದ ಮೇಲೆ ದೊಡ್ಡ ಮನೆಯಲ್ಲಿ ಒಂಟಿಯಾಗಿ ಉಳಿದ ತಾಯಿ - ಇವರ ನೋವು ಹೊರಗಿನವರಿಗೆ ಕಾಣುವುದಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆಯು ಉಕ್ಕಿ ಗೋಕಾಕದ ಮನೆ-ಅಂಗಡಿಗಳಿಗೆ ನುಗ್ಗಿದಾಗ ಕಳೆದುಹೋದ ಸರಕನ್ನು ಲೆಕ್ಕ ಹಾಕಿದವರು ಉಂಟು. ಕಳೆದುಹೋದ ಧೈರ್ಯವನ್ನು ಲೆಕ್ಕ ಹಾಕಿದವರು ಯಾರು?

ಮನಸ್ಸಿನ ನೆಮ್ಮದಿಗೂ ಮನುಷ್ಯನು ನಂಬಿದ ತತ್ತ್ವಕ್ಕೂ ಇರುವ ಸಂಬಂಧವನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ನೂರು ವರ್ಷಗಳ ಹಿಂದೆ, 1923ರಲ್ಲಿ, ಇದೇ ಕೊಣ್ಣೂರಿನಲ್ಲಿ ಒಬ್ಬ ಮುನಿಗಳು ವರ್ಷಾಯೋಗವನ್ನು ಕೈಗೊಂಡಿದ್ದರು. ಅವರೇ ಮುಂದೆ ಚಾರಿತ್ರ ಚಕ್ರವರ್ತಿ ಎನಿಸಿದ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು.

ಕಾದು ಕುಳಿತ ಸಂಕಲ್ಪ

ಮಹಾರಾಜರು ಹುಟ್ಟಿದುದು 1872ರ ಜುಲೈ 25ರಂದು, ತಾಯಿಯ ತವರಾದ ಯಳಗೂಡಿನಲ್ಲಿ. ಬೆಳೆದುದು ವೇದಗಂಗಾ-ದೂಧಗಂಗಾ ನದಿಗಳು ಕೂಡುವ ಭೋಜ ಗ್ರಾಮದಲ್ಲಿ. ತಂದೆ ಭೀಮಗೌಡ ಪಾಟೀಲರು, ತಾಯಿ ಸತ್ಯವತಿಯವರು. ಪೂರ್ವಾಶ್ರಮದ ಹೆಸರು ಸಾತಗೌಡ. ಅಂದಿನ ರೂಢಿಯಂತೆ ಒಂಬತ್ತನೆಯ ವಯಸ್ಸಿನಲ್ಲಿ ಮದುವೆಯಾಯಿತು. ಕೆಲವೇ ತಿಂಗಳುಗಳಲ್ಲಿ ಆ ಬಾಲೆ ತೀರಿಕೊಂಡಳು. ಮತ್ತೆ ಮದುವೆಯ ಮಾತು ಬಂದಾಗ ಅವರು ಒಪ್ಪಲಿಲ್ಲ. ಹದಿನೆಂಟರ ಸುಮಾರಿಗೆ ಮುನಿಯಾಗುವ ಬಯಕೆಯನ್ನು ತಿಳಿಸಿದರು. ತಾವು ಬದುಕಿರುವ ತನಕ ಮನೆಯಲ್ಲಿದ್ದೇ ಧರ್ಮಸಾಧನೆ ಮಾಡಬೇಕೆಂದು ತಂದೆ ಕೇಳಿಕೊಂಡರು. ಮಗನು ಆ ಮಾತಿಗೆ ತಲೆಬಾಗಿದನು.

ಇಲ್ಲಿ ಓದುಗರು ಒಂದು ಗಳಿಗೆ ನಿಲ್ಲಬೇಕು. ಬಯಸಿದುದು ಕೈಗೂಡದಿದ್ದಾಗ ಮನಸ್ಸು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತದೆ. ಒಂದು, ತಡೆದವರ ಮೇಲೆ ಕೋಪಗೊಂಡು ಕುದಿಯುವುದು. ಇನ್ನೊಂದು, ಬಯಕೆಯನ್ನೇ ಬಿಟ್ಟು ಬರಿದಾಗುವುದು. ಸಾತಗೌಡರು ಎರಡನ್ನೂ ಮಾಡಲಿಲ್ಲ. ಗುರಿಯನ್ನು ಬಿಡಲಿಲ್ಲ, ಗುರಿಯ ಹೆಸರಿನಲ್ಲಿ ತಾಯಿತಂದೆಯರ ಮನಸ್ಸನ್ನೂ ನೋಯಿಸಲಿಲ್ಲ. ಹೊಲವನ್ನು ನೋಡಿಕೊಂಡರು. ತಮ್ಮನೊಡನೆ ಬಟ್ಟೆಯ ಅಂಗಡಿಯನ್ನೂ ನಡೆಸಿದರು. ಮಹಾರಾಜರ ಚರಿತ್ರೆಯನ್ನು ಹಿಂದಿಯಲ್ಲಿ ಬರೆದ ಪಂಡಿತ ಸುಮೇರುಚಂದ್ರ ದಿವಾಕರರು ಆ ದಿನಗಳ ಸಂಗತಿಗಳನ್ನು ಊರವರಿಂದ ಕೇಳಿ ದಾಖಲಿಸಿದ್ದಾರೆ. ತಮ್ಮನಿಲ್ಲದಾಗ ಗಿರಾಕಿ ಬಂದರೆ ಬೇಕಾದ ಬಟ್ಟೆಯನ್ನು ತಾನೇ ಅಳೆದುಕೊಂಡು, ಲೆಕ್ಕವನ್ನೂ ತಾನೇ ಬರೆದಿಟ್ಟು ಹೋಗಬೇಕೆಂದು ಸಾತಗೌಡರು ಹೇಳುತ್ತಿದ್ದರಂತೆ. ಕಾಳು ತಿನ್ನಲು ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ಕುಡಿಯಲು ನೀರಿಡುತ್ತಿದ್ದರಂತೆ. ಅಂಗಡಿಯೂ ಹೊಲವೂ ಅವರಿಗೆ ತಪಸ್ಸಿನ ಅಡ್ಡಿಯಾಗದೆ ತಪಸ್ಸಿನ ಪಾಠಶಾಲೆಯಾದುವು.

ಇದೇ ಅವಧಿಯಲ್ಲಿ ಅವರು ಚಿಕ್ಕ ಚಿಕ್ಕ ವ್ರತಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತ ಹೋದರು. ಮೂವತ್ತೆರಡರ ಸುಮಾರಿಗೆ ಸಮ್ಮೇದ ಶಿಖರಜಿಯ ಯಾತ್ರೆ ಮಾಡಿದಾಗ ತುಪ್ಪ-ಎಣ್ಣೆಗಳನ್ನು ತ್ಯಜಿಸಿದರು. ಮರಳಿ ಬಂದ ಮೇಲೆ ದಿನಕ್ಕೆ ಒಂದೇ ಹೊತ್ತಿನ ಊಟದ ನಿಯಮ ಹಿಡಿದರು. ಮೊದಲು ತಂದೆ, ಬಳಿಕ 1912ರಲ್ಲಿ ತಾಯಿ ತೀರಿಕೊಂಡರು. ಅನಂತರವೇ, ನಲವತ್ತು ದಾಟಿದ ಮೇಲೆ, ಉತ್ತೂರಿನಲ್ಲಿ ದೇವೇಂದ್ರಕೀರ್ತಿ ಮುನಿಗಳಿಂದ ಕ್ಷುಲ್ಲಕ ದೀಕ್ಷೆ ಪಡೆದರು. 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆಯಾಯಿತು. ಹದಿನೆಂಟರಲ್ಲಿ ಮೂಡಿದ ಸಂಕಲ್ಪವು ಪೂರ್ಣವಾಗುವ ಹೊತ್ತಿಗೆ ಸುಮಾರು ಮೂವತ್ತು ವರ್ಷಗಳು ಸಂದಿದ್ದುವು. ಆ ಮೂವತ್ತು ವರ್ಷಗಳು ವ್ಯರ್ಥವಾದುವೆಂದು ಯಾರು ಹೇಳಬಲ್ಲರು? ಅಡಿಪಾಯವು ಮಣ್ಣಿನೊಳಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಗುಹೆಯೊಳಗಿನ ನಿಶ್ಚಲತೆ

ಮುನಿದೀಕ್ಷೆಯ ಮೂರು ವರ್ಷಗಳ ಬಳಿಕ ಮಹಾರಾಜರು ಕೊಣ್ಣೂರಿಗೆ ಬಂದರು. ಆ ಊರಿನ ಸುತ್ತ ಹಾಸುಬಂಡೆಗಳ ನಡುವೆ ಗುಹೆಗಳೂ ಬಹು ಪ್ರಾಚೀನವಾದ ಕಲ್ಲುಕೋಣೆಗಳೂ ಇವೆ. ಮಹಾರಾಜರು ಅಲ್ಲಿಯ ಗುಹೆಯಲ್ಲಿ ಸಾಮಾಯಿಕಕ್ಕೆ ಕುಳಿತಿದ್ದಾಗ ಸರ್ಪವೊಂದು ಬಂದು ಅವರ ಮೈಮೇಲೆ ಹರಿದಾಡಿತೆಂದೂ, ನೋಡಿದ ಶ್ರಾವಕರು ಬೆದರಿ ನಿಂತರೂ ಅವರು ಮಾತ್ರ ಅಲುಗಾಡಲಿಲ್ಲವೆಂದೂ, ಸರ್ಪವು ತಾನಾಗಿ ಹೊರಟುಹೋಯಿತೆಂದೂ ಚರಿತ್ರಕಾರರು ಬರೆಯುತ್ತಾರೆ.

ಈ ಪ್ರಸಂಗವನ್ನು ಪವಾಡವೆಂದು ಹೇಳಿ ಕೈಮುಗಿದು ಎದ್ದುಬಿಡುವುದು ಸುಲಭ. ಆದರೆ ಹಾಗೆ ಮಾಡಿದರೆ ಅದರಿಂದ ನಮಗೆ ದೊರೆಯುವ ಪಾಠವು ಕೈತಪ್ಪುತ್ತದೆ. ಇಲ್ಲಿ ದೊಡ್ಡದು ಸರ್ಪದ ನಡತೆಯಲ್ಲ, ಮನುಷ್ಯನ ಮನಸ್ಸು. ದೇಹ ಬೇರೆ, ಆತ್ಮ ಬೇರೆ ಎಂಬ ಭೇದಜ್ಞಾನವನ್ನು ನಾವೆಲ್ಲರೂ ಸ್ವಾಧ್ಯಾಯದಲ್ಲಿ ಓದುತ್ತೇವೆ, ಪ್ರವಚನದಲ್ಲಿ ಕೇಳುತ್ತೇವೆ. ಕೇಳಿದ ಮಾತು ಒಂದು ಅಭಿಪ್ರಾಯ ಮಾತ್ರ. ಅದು ಶ್ರದ್ಧೆಯಾಗಬೇಕಾದರೆ ಬಹುಕಾಲ ಅದರಂತೆ ನಡೆಯಬೇಕು. ಅಂಗಡಿಯಲ್ಲಿ ಕುಳಿತು ಗಿರಾಕಿಯನ್ನು ನಂಬಿದವನು, ಹೊಲದಲ್ಲಿ ನಿಂತು ಹಕ್ಕಿಯ ಹಸಿವನ್ನು ಗೌರವಿಸಿದವನು, ಇಷ್ಟವಾದ ರಸಗಳನ್ನು ತಾನಾಗಿ ಬಿಟ್ಟವನು ಗುಹೆಯಲ್ಲಿ ಭಯವನ್ನೂ ಬಿಟ್ಟನು. ಭಯವು ಒಂದು ದಿನದಲ್ಲಿ ಹೋಗಲಿಲ್ಲ. ಮೂವತ್ತು ವರ್ಷಗಳ ಅಭ್ಯಾಸವು ಆ ಒಂದು ಗಳಿಗೆಯಲ್ಲಿ ಕಾಣಿಸಿಕೊಂಡಿತು.

ದಾರಿ ತಪ್ಪಿದವನಿಗೂ ದಾರಿ

ಬಾಲ್ಯದಿಂದಲೇ ವೈರಾಗ್ಯವಿದ್ದವರ ಮಾತು ಬೇರೆ, ನಮ್ಮಂತಹವರ ಗತಿಯೇನು ಎಂದು ಯಾರಾದರೂ ಕೇಳಬಹುದು. ಅದಕ್ಕೂ ಕೊಣ್ಣೂರು-ಗೋಕಾಕಗಳ ಅದೇ ಕಾಲದ ಇತಿಹಾಸದಲ್ಲಿ ಉತ್ತರವಿದೆ.

ಅಥಣಿ ಭಾಗದ ಐನಾಪುರದಲ್ಲಿ ಹುಟ್ಟಿದ ರಾಮಚಂದ್ರ ಎಂಬವರು ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದರು. ಉಡುಗೆ-ತೊಡುಗೆಗಳಲ್ಲಿ ವಿಲಾಸ, ದುಶ್ಚಟಗಳ ಸಹವಾಸ, ಧರ್ಮದಲ್ಲಿ ಅನಾದರ, ಯಾವುದರಲ್ಲಿಯೂ ನೆಲೆನಿಲ್ಲದ ಅಲೆದಾಟ - ಇದು ಅವರ ಆಗಿನ ಬದುಕು. ಆ ಸ್ಥಿತಿಯಲ್ಲಿಯೇ ಅವರು ಶಾಂತಿಸಾಗರ ಮಹಾರಾಜರ ದರ್ಶನಕ್ಕೆ ಬಂದರು. ಇಂತಹವನನ್ನು ಹತ್ತಿರ ಬಿಟ್ಟುಕೊಳ್ಳುವುದೆಂತು ಎಂದು ಸುತ್ತಲಿನವರು ಅನುಮಾನಪಟ್ಟರೂ ಗುರುಗಳು ಅವರನ್ನು ದೂರ ತಳ್ಳಲಿಲ್ಲ. ಅದೇ ಪರಿಸರದಲ್ಲಿ ರಾಮಚಂದ್ರರ ಮನಸ್ಸು ತಿರುಗಿತು. 1923ರಲ್ಲಿ ಗೋಕಾಕದಲ್ಲಿ ಅವರಿಗೆ ಐಲಕ ದೀಕ್ಷೆಯಾಯಿತು. ಆರು ವರ್ಷಗಳ ಬಳಿಕ, 1929ರಲ್ಲಿ, ಸೋನಾಗಿರಿಯಲ್ಲಿ ಮುನಿದೀಕ್ಷೆಯನ್ನು ಪಡೆದು ಅವರು ಪಾಯಸಾಗರ ಮುನಿಗಳಾದರು. ಅವರ ಶಿಷ್ಯರು ಜಯಕೀರ್ತಿ ಮುನಿಗಳು. ಜಯಕೀರ್ತಿಗಳ ಶಿಷ್ಯರು ಕೋಥಳಿಯಲ್ಲಿ ಹುಟ್ಟಿದ ಆಚಾರ್ಯ ದೇಶಭೂಷಣರು. ದೇಶಭೂಷಣರ ಶಿಷ್ಯರು ಶೇಡಬಾಳದಲ್ಲಿ 1925ರಲ್ಲಿ ಹುಟ್ಟಿ 2019ರಲ್ಲಿ ಸಮಾಧಿ ಹೊಂದಿದ ಆಚಾರ್ಯ ವಿದ್ಯಾನಂದರು. ಕನ್ನಡದ ಭರತೇಶ ವೈಭವವನ್ನು ಹಿಂದಿಯ ಓದುಗರಿಗೆ ತಲುಪಿಸಿದವರಲ್ಲಿ ದೇಶಭೂಷಣರು ಪ್ರಮುಖರು. ಒಬ್ಬ ಅಲೆಮಾರಿಯನ್ನು ಅಂದು ಬಾಗಿಲಿನಿಂದ ಹೊರಗೆ ಕಳಿಸಿದ್ದರೆ ಈ ಪರಂಪರೆಯೇ ಇರುತ್ತಿರಲಿಲ್ಲ.

ಈ ಇಬ್ಬರ ಬದುಕನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಬ್ಬರ ಗುರಿ ಹದಿನೆಂಟರಲ್ಲಿಯೇ ನಿಶ್ಚಿತವಾಗಿತ್ತು. ಇನ್ನೊಬ್ಬರಿಗೆ ಮೂವತ್ತು ದಾಟಿದರೂ ಗುರಿಯಿರಲಿಲ್ಲ. ಆದರೂ ಇಬ್ಬರೂ ಮೆಟ್ಟಿಲು ಮೆಟ್ಟಿಲಾಗಿಯೇ ಏರಿದರು. ಮನಸ್ಸು ತಿರುಗುವುದು ಒಂದು ಕ್ಷಣದ ಕೆಲಸವಿರಬಹುದು. ತಿರುಗಿದ ಮನಸ್ಸು ನಿಲ್ಲುವುದು ಮಾತ್ರ ಅಳತೆಯರಿತು ಹಿಡಿದ ನಿಯಮದಿಂದಲೇ. ಶ್ರಾವಕನಿಗೆ ಅಣುವ್ರತವನ್ನೂ, ಅನಂತರ ಹನ್ನೊಂದು ಪ್ರತಿಮೆಗಳನ್ನೂ ಹೇಳಿದ ನಮ್ಮ ಆಚಾರ್ಯರು ಈ ಮರ್ಮವನ್ನು ಬಲ್ಲವರಾಗಿದ್ದರು. ಶಕ್ತಿಗೆ ಮೀರಿದ ವ್ರತವನ್ನು ಹಿಡಿದು ಮುರಿದವನು ವ್ರತವನ್ನಷ್ಟೇ ಅಲ್ಲ, ತನ್ನ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತಾನೆ. ಶಕ್ತಿಗೆ ತಕ್ಕ ಚಿಕ್ಕ ವ್ರತವನ್ನು ಪಾಲಿಸಿದವನಿಗೆ ನಾಳೆಯ ಬಗ್ಗೆ ಧೈರ್ಯ ಹುಟ್ಟುತ್ತದೆ.

ಶಾಸ್ತ್ರವು ಕಂಡ ಮನೋವ್ಯಥೆ

ಮನಸ್ಸಿನ ಸಂಕಟದ ವಿಚಾರವು ಹೊಸದಲ್ಲ. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಧ್ಯಾನವನ್ನು ನಾಲ್ಕಾಗಿ ವಿಭಾಗಿಸಿ, ಮೊದಲನೆಯದನ್ನು ಆರ್ತಧ್ಯಾನವೆಂದು ಕರೆದರು. ಬೇಡವಾದುದು ಬಂದು ಸೇರಿದಾಗ ಅದು ಯಾವಾಗ ತೊಲಗೀತೆಂಬ ಚಿಂತೆ, ಬೇಕಾದುದು ಅಗಲಿದಾಗ ಅದನ್ನೇ ನೆನೆಯುವ ಚಿಂತೆ, ನೋವಿನ ಚಿಂತೆ, ಮುಂದಿನ ಭೋಗಕ್ಕಾಗಿ ಹಂಬಲಿಸುವ ನಿದಾನ - ಹೀಗೆ ಅದಕ್ಕೆ ನಾಲ್ಕು ಬಗೆ. ಪ್ರವಾಹದಲ್ಲಿ ಅಂಗಡಿ ಕಳೆದುಕೊಂಡವನ ರಾತ್ರಿಯ ಎಚ್ಚರವನ್ನೂ, ಮಗನನ್ನು ಕಳೆದುಕೊಂಡ ತಾಯಿಯ ಮೌನವನ್ನೂ ಈ ನಾಲ್ಕರೊಳಗೆ ಕಾಣಬಹುದು. ಗಮನಿಸಬೇಕಾದುದೇನೆಂದರೆ, ಇದನ್ನೂ ಆಚಾರ್ಯರು ಧ್ಯಾನವೆಂದೇ ಕರೆದರು. ದುಃಖಿತನ ಮನಸ್ಸು ಚಂಚಲವಾಗಿಲ್ಲ; ಅದು ಒಂದೇ ವಿಷಯವನ್ನು ಬಿಗಿಯಾಗಿ ಹಿಡಿದುಕೊಂಡಿದೆ. ಆದ್ದರಿಂದ ಸುಮ್ಮನೆ ಮರೆತುಬಿಡು ಎಂದು ಹೇಳಿದರೆ ಪ್ರಯೋಜನವಿಲ್ಲ. ಹಿಡಿಯಲು ಮತ್ತೊಂದನ್ನು ಕೊಡಬೇಕು. ಹನ್ನೆರಡು ಅನುಪ್ರೇಕ್ಷೆಗಳೂ, ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳೆಂಬ ನಾಲ್ಕು ಭಾವನೆಗಳೂ ಹಾಗೆ ಕೊಟ್ಟ ಆಸರೆಗಳು.

ವ್ರತಿಯು ನಿಃಶಲ್ಯನಾಗಿರಬೇಕೆಂಬುದು ಅದೇ ಗ್ರಂಥದ ಇನ್ನೊಂದು ಮಾತು. ಶಲ್ಯವೆಂದರೆ ಒಳಗೆ ಮುರಿದು ಉಳಿದ ಮುಳ್ಳು. ಮಾಯೆ, ಮಿಥ್ಯಾತ್ವ, ನಿದಾನ - ಇವು ಮೂರು ಮುಳ್ಳುಗಳು. ಒಳಗೊಂದು ಹೊರಗೊಂದಾಗಿ ಬದುಕುವವನಿಗೆ ನೆಮ್ಮದಿಯಿಲ್ಲ. ಸುಳ್ಳು ನಂಬಿಕೆಯನ್ನು ಕಟ್ಟಿಕೊಂಡವನಿಗೆ ಅದು ಒಡೆದ ದಿನ ನೆಲೆಯಿಲ್ಲ. ಧರ್ಮವನ್ನು ಲಾಭದ ಬಂಡವಾಳವೆಂದು ತಿಳಿದವನು ಲಾಭ ಬಾರದಿದ್ದಾಗ ಧರ್ಮವನ್ನೂ ಬಿಡುತ್ತಾನೆ, ತಾನೂ ಕುಸಿಯುತ್ತಾನೆ. ಪೂಜೆ ಮಾಡಿಸಿದರೂ ವ್ಯಾಪಾರ ಮುಳುಗಿತೆಂದು ಕೊರಗುವವನ ಮುಳ್ಳು ಈ ಮೂರನೆಯದು. ನಂಬಿಕೆಯಿದ್ದರೆ ಸಾಲದು, ನಂಬಿಕೆಯು ನಿರ್ಮಲವಾಗಿರಬೇಕು. ಸಮ್ಯಗ್ದರ್ಶನದ ಅಂಗಗಳಲ್ಲಿ ಅಮೂಢದೃಷ್ಟಿಯನ್ನು ಸೇರಿಸಿದುದು ಇದಕ್ಕಾಗಿಯೇ.

ಬದುಕಿಗೊಂದು ಅರ್ಥ ಕಂಡವನು ಕಷ್ಟವನ್ನು ಸಹಿಸಬಲ್ಲನೆಂಬುದನ್ನು ಈಚಿನ ಮನೋವೈದ್ಯರೂ ಬೇರೆ ದಾರಿಯಿಂದ ಬಂದು ಕಂಡಿದ್ದಾರೆ. ವಿಯೆನ್ನಾ ನಗರದ ವೈದ್ಯ ವಿಕ್ಟರ್ ಫ್ರಾಂಕ್ಲ್ ಅವರು ನಾಜಿಗಳ ಸೆರೆಶಿಬಿರಗಳಲ್ಲಿ ಇದ್ದು, ತಾಯಿತಂದೆಯರನ್ನೂ ಹೆಂಡತಿಯನ್ನೂ ಕಳೆದುಕೊಂಡು, ಬದುಕಿ ಹೊರಬಂದು 1946ರಲ್ಲಿ ಪ್ರಕಟಿಸಿದ ಗ್ರಂಥದ ತಿರುಳೂ ಇದೇ.

ವ್ರತವೂ ಚಿಕಿತ್ಸೆಯೂ

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ದೋಷವಾದೀತು. ಮನಸ್ಸು ಕುಗ್ಗಿದವರಿಗೆಲ್ಲ ಶ್ರದ್ಧೆಯ ಕೊರತೆಯಿದೆಯೆಂದು ಹೇಳುವುದು ಅನ್ಯಾಯ. ಖಿನ್ನತೆಯೂ ಚಿತ್ತವಿಕಾರವೂ ಸಕ್ಕರೆ ಕಾಯಿಲೆಯಂತೆಯೇ ರೋಗಗಳು. ರೋಗಿಯ ಮುಂದೆ ನಿಂತು ಇದೆಲ್ಲ ನಿನ್ನ ಕರ್ಮಫಲ ಎಂದು ಆಡುವುದು ವಚನಹಿಂಸೆಯಲ್ಲದೆ ಧರ್ಮವಲ್ಲ.

ಸಮಂತಭದ್ರ ಆಚಾರ್ಯರ ಕಥೆಯನ್ನು ಇಲ್ಲಿ ನೆನೆಯಬೇಕು. ದೇವಚಂದ್ರನ ರಾಜಾವಳಿ ಕಥೆಯಲ್ಲಿ ಅದು ಬರುತ್ತದೆ. ಎಷ್ಟು ಉಂಡರೂ ತಣಿಯದ ಭಸ್ಮಕ ರೋಗವು ಅವರನ್ನು ಹಿಡಿಯಿತು. ಮುನಿಧರ್ಮದಲ್ಲಿದ್ದು ರೋಗವನ್ನು ಶಮನಗೊಳಿಸಲಾರದೆ ಅವರು ಸಲ್ಲೇಖನಕ್ಕೆ ಗುರುಗಳ ಅಪ್ಪಣೆ ಬೇಡಿದರು. ಗುರುಗಳು ಒಪ್ಪಲಿಲ್ಲ. ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕೆಲಸವಿದೆ. ದೀಕ್ಷೆಯನ್ನು ಬದಿಗಿಟ್ಟು ಮೊದಲು ರೋಗವನ್ನು ಗುಣಪಡಿಸಿಕೋ, ಆಮೇಲೆ ಮತ್ತೆ ದೀಕ್ಷೆ ಪಡೆ ಎಂದು ಆಜ್ಞಾಪಿಸಿದರು. ಸಮಂತಭದ್ರರು ಹಾಗೆಯೇ ಮಾಡಿದರು. ಸಲ್ಲೇಖನದ ಲಕ್ಷಣವನ್ನು ಶ್ರಾವಕಾಚಾರದಲ್ಲಿ ಖಚಿತವಾಗಿ ಹೇಳಿದವರೂ ಇವರೇ: ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಬಂದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದು. ಪರಿಹಾರವಿಲ್ಲದ ಎಂಬ ಮಾತು ಇಲ್ಲಿ ಮುಖ್ಯ. ಪರಿಹಾರವಿರುವಾಗ ಪರಿಹಾರವನ್ನೇ ಹುಡುಕಬೇಕು.

2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮನೆಂದು ತೀರ್ಪಿತ್ತಾಗ ಸಮಾಜವೆಲ್ಲ ನೊಂದಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ಎರಡೂ ಬೇರೆ ಬೇರೆಯೆಂದು ನಾವು ನ್ಯಾಯಾಲಯದಲ್ಲಿ ವಾದಿಸುವುದಾದರೆ, ಮನೆಯಲ್ಲಿಯೂ ಆ ಭೇದವನ್ನು ಪಾಲಿಸಬೇಕು. ಒಂದು, ಸಮತೆಯಿಂದ ಗುರುಸಾನ್ನಿಧ್ಯದಲ್ಲಿ ಬದುಕನ್ನು ಪೂರ್ಣಗೊಳಿಸುವುದು. ಇನ್ನೊಂದು, ಯಾರೂ ಕೇಳದ ನೋವು. ಸಾಯಬೇಕೆನಿಸುತ್ತದೆ ಎಂದು ಮನೆಯವರಲ್ಲಿ ಯಾರಾದರೂ ಒಮ್ಮೆ ನುಡಿದರೂ ಅದನ್ನು ಹಗುರವಾಗಿ ತಳ್ಳದೆ ಜೊತೆಯಲ್ಲಿರಬೇಕು, ವೈದ್ಯರಲ್ಲಿಗೆ ಕರೆದೊಯ್ಯಬೇಕು. ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆ ಇದೆ. 2022ರ ಅಕ್ಟೋಬರಿನಿಂದ 14416 ಸಂಖ್ಯೆಯ ಟೆಲಿಮಾನಸ್ ದೂರವಾಣಿ ಸೇವೆಯು ಉಚಿತವಾಗಿ ದೊರೆಯುತ್ತಿದೆ; ಕನ್ನಡದಲ್ಲಿಯೂ ಮಾತನಾಡಬಹುದು. ಔಷಧವು ದೇಹಮನಗಳ ಉರಿಯನ್ನು ಶಮನ ಮಾಡಿದ ಮೇಲೆ ವ್ರತವು ಬೇರೂರುತ್ತದೆ.

ಹದಿನೈದು ನಿಮಿಷಗಳ ಉಪದೇಶ

1924ರಲ್ಲಿ ಸಮಡೋಳಿಯಲ್ಲಿ ಆಚಾರ್ಯ ಪದವಿಯನ್ನು ಪಡೆದ ಶಾಂತಿಸಾಗರ ಮಹಾರಾಜರು ಉತ್ತರ ಭಾರತದ ಉದ್ದಗಲಕ್ಕೂ ವಿಹಾರ ಮಾಡಿದರು. ಕಣ್ಣಿನ ದೃಷ್ಟಿ ಕುಂದಿ, ಜೀವದಯೆಯ ಆಚರಣೆಗೆ ಅಡ್ಡಿಯಾಗುವ ಕಾಲ ಬಂದಾಗ, 1955ರ ಆಗಸ್ಟ್ 14ರಂದು ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಕೈಗೊಂಡರು. ಸೆಪ್ಟೆಂಬರ್ 18ರಂದು ಸಮಾಧಿ ಹೊಂದಿದರು. ಅದಕ್ಕೆ ಹತ್ತು ದಿನ ಮೊದಲು, ಉಪವಾಸದ 26ನೆಯ ದಿನ, ಅವರು ಮರಾಠಿಯಲ್ಲಿ ನೀಡಿದ ಕೊನೆಯ ಉಪದೇಶವನ್ನು ಧ್ವನಿಮುದ್ರಿಸಿಕೊಳ್ಳಲಾಯಿತು.

ಮುನಿಜೀವನದ ಬಹುಭಾಗವನ್ನು ಉಪವಾಸಗಳಲ್ಲಿ ಕಳೆದ ಆ ಮಹಾತಪಸ್ವಿಗಳು ಗೃಹಸ್ಥರಿಂದ ಏನನ್ನು ಕೇಳಿದರು? ತಮ್ಮಂತೆ ಸರ್ವವನ್ನೂ ಬಿಟ್ಟು ಬರಬೇಕೆಂದು ಎಲ್ಲರನ್ನೂ ಕೇಳಲಿಲ್ಲ. ಪ್ರತಿದಿನವೂ ಆತ್ಮಚಿಂತನ ಮಾಡಬೇಕು, ಹೆಚ್ಚು ಹೊತ್ತು ಆಗದಿದ್ದರೆ ಹತ್ತು-ಹದಿನೈದು ನಿಮಿಷಗಳಾದರೂ ಮಾಡಬೇಕು, ಸಂಯಮಕ್ಕೆ ಹೆದರಬಾರದು ಎಂಬುದು ಅವರ ಮಾತಿನ ಸಾರ. ಭೋಜದ ಬಟ್ಟೆ ಅಂಗಡಿಯಲ್ಲಿ ಚಿಕ್ಕ ನಿಯಮಗಳಿಂದ ಆರಂಭಿಸಿದವರು ಕೊನೆಯ ಗಳಿಗೆಯಲ್ಲಿಯೂ ಅದೇ ಅಳತೆಯನ್ನು ಮರೆಯಲಿಲ್ಲ.

ವ್ಯಾಪಾರಿಯು ದಿನದ ಕೀರ್ದಿಯನ್ನು ಅಂದೇ ಬರೆದು ಮುಗಿಸಿದರೆ ವರ್ಷಾಂತ್ಯದಲ್ಲಿ ಖತಾವಣಿ ತಾಳೆಯಾಗುತ್ತದೆ. ಬರೆಯದೆ ಬಿಟ್ಟ ಲೆಕ್ಕವು ಬೆಳೆದು ಹೆದರಿಸುತ್ತದೆ. ಪ್ರತಿಕ್ರಮಣವೆಂಬುದು ಮನಸ್ಸಿನ ಕೀರ್ದಿ. ಇಂದು ಯಾರನ್ನು ನೋಯಿಸಿದೆ, ಯಾವುದಕ್ಕೆ ಹೆದರಿದೆ, ಹಿಡಿದ ನಿಯಮವನ್ನು ಎಷ್ಟು ನಡೆಸಿದೆ ಎಂದು ರಾತ್ರಿ ಮಲಗುವ ಮುನ್ನ ನೋಡಿಕೊಂಡವನಿಗೆ ಮುಳ್ಳು ಒಳಗೆ ಮುರಿದು ಉಳಿಯುವ ಭಯವಿಲ್ಲ.

ಈ ಉಪದೇಶವನ್ನು ನಡೆಯಿಸಲು ಬಸದಿಗಳ ಆಡಳಿತ ಮಂಡಳಿಗಳಿಗೆ ಹೆಚ್ಚಿನ ಹಣ ಬೇಕಾಗಿಲ್ಲ. ಸಂಜೆಯ ಆರತಿಯ ಬಳಿಕ ಹದಿನೈದು ನಿಮಿಷ ಎಲ್ಲರೂ ಒಟ್ಟಿಗೆ ಕುಳಿತು ಸಾಮಾಯಿಕ ಮಾಡುವ ಪದ್ಧತಿಯನ್ನು ಇಡಬಹುದು. ಅದು ಮುಗಿದ ಮೇಲೆ, ಒಂಟಿಯಾಗಿ ಉಳಿದ ಹಿರಿಯರನ್ನೂ ಸೋತು ಬಂದ ಯುವಕರನ್ನೂ ಯಾರಾದರೊಬ್ಬರು ಮಾತನಾಡಿಸಬೇಕು. ವ್ಯಸನಕ್ಕೆ ಬಿದ್ದವನು ಬಾಗಿಲಿಗೆ ಬಂದಾಗ ಅವನ ಉಡುಪನ್ನೂ ಹಿಂದಿನ ನಡತೆಯನ್ನೂ ನೋಡಿ ಮುಖ ತಿರುಗಿಸಬಾರದು. ಗೋಕಾಕದಲ್ಲಿ ಅಂದು ಗುರುಗಳು ರಾಮಚಂದ್ರರ ಕಡೆಗೆ ಮುಖ ತಿರುಗಿಸಲಿಲ್ಲ.

ನಿಧಿಯಮ ಗಾಮುಂಡನು ಕಟ್ಟಿಸಿದ ಜಿನಾಲಯದ ಮಾತು ಇಂದಿಗೂ ಕಲ್ಲಿನಲ್ಲಿ ಉಳಿದಿದೆ. ಆದರೆ ಜಿನಾಲಯವಿರುವುದು ಮನುಷ್ಯನಿಗಾಗಿ. ಬಸದಿಗೆ ಬಂದವನು ಬಂದುದಕ್ಕಿಂತ ಸ್ವಲ್ಪ ಹಗುರವಾದ ಮನಸ್ಸಿನಿಂದ ಮನೆಗೆ ಮರಳಿದರೆ, ಆ ದಾನಿಗಳ ಸಂಕಲ್ಪವು ಒಂಬೈನೂರು ವರ್ಷಗಳ ಬಳಿಕವೂ ಫಲಿಸಿದಂತೆ. ಶ್ರಾವಕ-ಶ್ರಾವಿಕೆಯರು ಇಂದಿನಿಂದಲೇ ತಮ್ಮ ತಮ್ಮ ಶಕ್ತಿಗೆ ತಕ್ಕ ಒಂದು ನಿಯಮವನ್ನು ಆರಿಸಿಕೊಳ್ಳಲಿ. ಅದು ಚಿಕ್ಕದಾದರೂ ಮುರಿಯದಿರಲಿ.